ಒಲೆಯ ಪಾಲು

ಸಂಜೆ ಶಾಲೆಯ ವ್ಯಾನು ಬೀದಿಯ ತಿರುವಿನಲ್ಲಿ ಹಾರ್ನ್ ಹೊಡೆದರೆ ಸಾಕು, ಪುಟ್ಟಬಸಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಜಗಲಿಗೆ ಬರುತ್ತಿದ್ದರು. ಮೊಮ್ಮಗಳು ಗಾನವಿಯ ಮುಖ ನೋಡುವ ಮೊದಲು ಅವಳ ಕೈಯಲ್ಲಿದ್ದ ಟಿಫನ್ ಡಬ್ಬಿ ಇಸಿದುಕೊಳ್ಳುವುದು ಅಜ್ಜಿಯ ಅಭ್ಯಾಸವಾಗಿಹೋಗಿತ್ತು. ಮುಚ್ಚಳ ತೆಗೆಯುವುದೇ ಬೇಡ. ಕೈಗೆ ತಾಕಿದ ಭಾರದಲ್ಲೇ ಗೊತ್ತಾಗುತ್ತಿತ್ತು. ಬೆಳಿಗ್ಗೆ ಹೋದ ಡಬ್ಬಿ ಹೋದ ಹಾಗೇ ತಿರುಗಿ ಬಂದಿದೆ.

"ಇವತ್ತೂ ತಿನ್ನಲಿಲ್ವೇನೇ ಕೂಸೇ?"

"ತಿಂದೆ ಅಜ್ಜಿ."

"ಏನ್ ತಿಂದೆ?"

"ಮೂಲೆ ತಿಂದೆ."

ಹೌದು, ಮೂಲೆ ತಿಂದಿದ್ದಳು. ಅವಳ ತಾಯಿ ಚೈತ್ರ ಬೆಳಿಗ್ಗೆ ಫೋನು ಎದುರಿಗಿಟ್ಟುಕೊಂಡು ನಕ್ಷತ್ರದ ಆಕಾರಕ್ಕೆ ಬ್ರೆಡ್ಡು ಕತ್ತರಿಸಿ, ನಡುವೆ ಕ್ಯಾರೆಟ್ ತುರಿ, ಚೀಸು ಇಟ್ಟು ಕಳಿಸಿದ್ದಳು. ಆ ನಕ್ಷತ್ರದ ಒಂದು ತುದಿ ಮಾತ್ರ ಇಲಿ ಕಡಿದ ಹಾಗೆ ಮಾಯವಾಗಿತ್ತು. ಉಳಿದದ್ದು ಬೆವರಿಕೊಂಡು ಮಲಗಿತ್ತು.

ಜಗಲಿಯ ಮೇಲೆ ಪೇಪರು ಓದುತ್ತಿದ್ದ ಅಜ್ಜ ಗಂಗಾಧರಸ್ವಾಮಿಯವರು ಕನ್ನಡಕದ ಮೇಲಿಂದ ನೋಡಿ, "ಒಂದ್ ಗುಲಗಂಜಿ ತೂಕವಾದ್ರೂ ಕಮ್ಮಿ ಆಗೈತಾ ಡಬ್ಬಿ?" ಎಂದರು. ಅದು ಅವರ ಹಳೆಯ ಕುಚೋದ್ಯ. ಹೆಂಡತಿಯ ತವರೂ ನರಸೀಪುರ, ಸೊಸೆಯ ತವರೂ ನರಸೀಪುರ. ಕಾಶಿಗಿಂತ ನಮ್ಮೂರು ಒಂದು ಗುಲಗಂಜಿ ತೂಕ ಹೆಚ್ಚು ಎನ್ನುವವರು ಆ ಊರಿನವರು. ಇಬ್ಬರು ಹೆಂಗಸರನ್ನೂ ಒಂದೇ ಕಲ್ಲಿನಲ್ಲಿ ಹೊಡೆಯಲು ಯಜಮಾನರಿಗೆ ಗುಲಗಂಜಿಯೊಂದು ಸಿಕ್ಕಿಬಿಟ್ಟಿತ್ತು.

"ನಿಮಗೆ ಯಾವಾಗ್ಲೂ ತಮಾಸೆ. ಕೂಸಿನ ಕೈ ನೋಡಿ, ನುಗ್ಗೆಕಾಯಿ ಆಗೈತೆ" ಎಂದು ಪುಟ್ಟಬಸಮ್ಮ ಒಳಗೆ ಹೋದರು.

ಚೈತ್ರ ನರಸೀಪುರದ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ನಂಜನಗೂಡಿನ ಬಸ್‌ಸ್ಟ್ಯಾಂಡಿಗೆ ಓಡಿದರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದಳು. ಅಂದು ಬಂದವಳೇ ಬ್ಯಾಗು ಇಳಿಸದೆ ಅಡುಗೆಮನೆಗೆ ಹೋಗಿ ಡಬ್ಬಿ ನೋಡಿದಳು. ನೋಡಿ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಸುಮ್ನೆ ಬುಡವ್ವ," ಎಂದರು ಪುಟ್ಟಬಸಮ್ಮ. "ಹಸಿವಾದ್ರೆ ತಾನೇ ತಿಂತದೆ. ನಮ್ ಕಾಲ್ದಲ್ಲಿ ಇಟ್ಟಿದ್ದನ್ನ ಉಂಡು ಏಳ್ತಿದ್ದೋ. ಇದು ಬ್ಯಾಡ, ಅದು ಬ್ಯಾಡ ಅಂದ್ರೆ ಬೆನ್ನಿಗೆ ಬೀಳೋದು."

"ನಿಮ್ಮ ಕಾಲದ್ದು ಎಷ್ಟು ಸಲ ಹೇಳ್ತೀರ ಅತ್ತೆ? ಡಾಕ್ಟ್ರು ಹೇಳಿದ್ದನ್ನ ನೀವೇ ಕೇಳಿಸ್ಕೊಂಡ್ರಿ. ಹೋದ ವರ್ಷ ಇದ್ದ ತೂಕಾನೇ ಈ ವರ್ಷಾನೂ ಇದೆ ಅಂದ್ರು."

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಅವಳು ಮನಸ್ಸಿನಲ್ಲಿದ್ದುದನ್ನು ಹೇಳಿಯೇಬಿಟ್ಟಳು. "ದಸರಾ ರಜೆ ಬರ್ತಿದೆ. ಅಷ್ಟರಲ್ಲಿ ಇವಳು ತಿನ್ನೋದು ಕಲೀಲಿಲ್ಲ ಅಂದ್ರೆ ನಮ್ಮಮ್ಮನ ಮನೆಗೆ ಕರ್ಕೊಂಡು ಹೋಗ್ತೀನಿ. ಅಲ್ಲೇ ಸ್ಕೂಲಿಗೆ ಸೇರಿಸ್ತೀನಿ. ಬ್ಯಾಂಕಿಂದ ಮಧ್ಯಾಹ್ನ ಬಂದು ನಾನೇ ತಿನ್ನಿಸ್ಬೋದು. ನಾವಿಬ್ರೂ ಅಲ್ಲಿದ್ದು ಶನಿವಾರ ಇಲ್ಲಿಗೆ ಬರ್ತೀವಿ."

ಬಜಾರಿನಲ್ಲಿ ಪೈಪು, ಮೋಟಾರಿನ ಅಂಗಡಿ ಇಟ್ಟಿದ್ದ ಅವಳ ಗಂಡ ನಂಜೇಶ ಗಿರಾಕಿಗಳ ಹತ್ತಿರ ಗಂಟೆಗಟ್ಟಲೆ ಮಾತಾಡುವವನು. ಮನೆಯಲ್ಲಿ ಅವ್ವನಿಗೂ ಹೆಂಡತಿಗೂ ನಡುವೆ ಮಾತು ಬಂದರೆ ಅನ್ನ ಸಾರು ಕಲಸಿದ್ದನ್ನೇ ಮತ್ತೆ ಕಲಸುತ್ತಿದ್ದ. ಈಗಲೂ ಕಲಸಿದ. ಗಾನವಿ ತಟ್ಟೆಯಲ್ಲಿದ್ದ ಬೀನ್ಸಿನ ಹೋಳುಗಳನ್ನು ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದಳು. ಪುಟ್ಟಬಸಮ್ಮ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿ ಮೊಮ್ಮಗಳನ್ನು ನೋಡಿದರು. ಹುಟ್ಟಿದಾಗಿನಿಂದ ಮಗ್ಗುಲಲ್ಲಿ ಮಲಗಿಸಿಕೊಂಡು ಬೆಳೆಸಿದ ಕೂಸು. ಅದು ಹೋದ ಮೇಲೆ ಈ ಮನೆಯಲ್ಲಿ ಸಂಜೆ ಯಾರಿಗಾಗಿ ಕಾಯುವುದು?

ಮಾರನೆಯ ದಿನದಿಂದ ಅಡುಗೆಮನೆಯಲ್ಲಿ ಪೈಪೋಟಿ ಶುರುವಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯಿದೆ. ಆ ಮನೆಯಲ್ಲಿ ಬೆಳಗಿನ ಒಲೆ ಸೊಸೆಗೆ, ಸಂಜೆಯ ಒಲೆ ಅತ್ತೆಗೆ ಎಂದಾಯಿತು. ಚೈತ್ರ ಆಲೂಗೆಡ್ಡೆ ಬೇಯಿಸಿ, ನಗುವ ಮುಖ ಮಾಡಿ ಕರಿದಳು. ಗಾನವಿ ಆ ಮುಖದ ಎರಡು ಕಣ್ಣುಗಳ ಒಳಗೂ ಬೆರಳು ತೂರಿಸಿ ಆಡಿ, ಅಜ್ಜನಿಗೆ ಕೊಟ್ಟಳು. ಜೋಳದ ಕಾಳಿಗೆ ಬೆಣ್ಣೆ ಹಾಕಿಕೊಟ್ಟರೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ ಎಂದಳು. ಸಂಜೆಗೆ ಪುಟ್ಟಬಸಮ್ಮ ಗರಿಗರಿಯಾಗಿ ನಿಪ್ಪಟ್ಟು ತಟ್ಟಿದರು.

"ಇದ್ರಲ್ಲಿ ಕಪ್ಪು ಕಪ್ಪು ಇದೆ ಅಜ್ಜಿ."

"ಎಳ್ಳು ಕಣವ್ವ, ಒಳ್ಳೇದು."

"ಇರುವೆ ತರ ಇದೆ."

ಎಳ್ಳಿಲ್ಲದ ಕೋಡುಬಳೆ ಬಂತು. ಗಾನವಿ ಅದನ್ನು ಎರಡು ಕೈಗೂ ಬಳೆ ತೊಟ್ಟುಕೊಂಡು ಮದುವೆಯ ಆಟ ಆಡಿದಳು. ರಸಬಾಳೆಯ ಚಿಪ್ಪು ತಂದು, ಬೆಲ್ಲ, ಕಾಯಿತುರಿ ಹಾಕಿ ರಸಾಯನ ಮಾಡಿದರೆ "ವಾಸನೆ" ಎಂದು ಮೂಗು ಮುಚ್ಚಿದಳು. ನಂಜನಗೂಡಿನಲ್ಲಿ ಹುಟ್ಟಿ ರಸಬಾಳೆಗೆ ವಾಸನೆ ಎಂದ ಕೂಸು ಇದೊಂದೇ ಇರಬೇಕು ಎಂದು ಗಂಗಾಧರಸ್ವಾಮಿಯವರು ಆ ರಸಾಯನವನ್ನೂ ತಾವೇ ಮುಗಿಸಿದರು. ಈ ಪೈಪೋಟಿಯಲ್ಲಿ ತೂಕ ಹೆಚ್ಚಾದದ್ದು ಅವರೊಬ್ಬರದೇ.

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಕಣಮ್ಮಿ. ಬಲವಂತ ಮಾಡ್ಬ್ಯಾಡ" ಎಂದು ಬಾಯಿ ಒರೆಸಿಕೊಂಡು ಬುದ್ಧಿ ಬೇರೆ ಹೇಳಿದರು.

ಗಾನವಿಗೆ ತಿನ್ನುವುದು ಬೇಡವಾದರೂ ಮಾಡುವುದನ್ನು ನೋಡುವುದು ಬೇಕಿತ್ತು. ಅದರಲ್ಲೂ ಅಜ್ಜಿ ಮಾಡುವ ಒಂದು ಶಾಸ್ತ್ರ. ರೊಟ್ಟಿಯಾಗಲಿ, ವಡೆಯಾಗಲಿ, ಮೊದಲನೆಯದು ಇಳಿದ ಕೂಡಲೇ ಪುಟ್ಟಬಸಮ್ಮ ಅದರ ಚೂರೊಂದನ್ನು ಮುರಿದು ಉರಿಗೆ ತೋರಿಸಿ, ಗ್ಯಾಸ್ ಒಲೆಯ ಮಗ್ಗುಲಲ್ಲಿ ಇಡುತ್ತಿದ್ದರು. ಸೌದೆ ಒಲೆಯಿದ್ದ ಕಾಲದಲ್ಲಿ ಉರಿಗೇ ಹಾಕುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಅತ್ತೆ "ನಮ್ಮಲ್ಲಿ ಇದಿಲ್ವಲ್ಲ" ಎಂದಾಗ, "ನಮ್ಮವ್ವನ ಮನೆ ಪದ್ಧತಿ" ಎಂದು ತಲೆಯೆತ್ತಿ ಹೇಳಿ ನಡೆಸಿಕೊಂಡು ಬಂದಿದ್ದರು.

"ಒಲೆಗೆ ಯಾಕೆ ಅಜ್ಜಿ?"

"ಒಲೆಗೂ ಹಸಿವಾಯ್ತದೆ ಕಣೆ. ಅದು ಹಸ್ಕೊಂಡಿದ್ರೆ ಮನೇವ್ರೂ ಹಸ್ಕೋತಾರೆ."

"ಇಷ್ಟೇ ಚೂರು ಸಾಕಾ?"

"ಸಾಕು."

ಗಾನವಿ ಬಹಳ ಹೊತ್ತು ಒಲೆಯನ್ನು ನೋಡುತ್ತ ನಿಂತಿದ್ದಳು. ಆ ನೋಟದ ಅರ್ಥ ಪುಟ್ಟಬಸಮ್ಮನಿಗೆ ತಿಳಿದದ್ದು ರಜೆಗೆ ಮುಂಚೆ ಶಾಲೆಯ ಕೊನೆಯ ದಿನ. ಅಂದು ಬೆಳಿಗ್ಗೆ ಚೈತ್ರ ಲೈಟರು ಎಷ್ಟು ಒತ್ತಿದರೂ ದೊಡ್ಡ ಒಲೆ ಹತ್ತಲಿಲ್ಲ. ಸಿಲಿಂಡರು ಅಲ್ಲಾಡಿಸಿದಳು, ತುಂಬಿತ್ತು. ಬರ್ನರು ಎತ್ತಿ ನೋಡಿದರೆ ತೂತುಗಳಿಗೆಲ್ಲ ಅಕ್ಕಿಹಿಟ್ಟು ಮೆತ್ತಿ ಗಟ್ಟಿಯಾಗಿತ್ತು. ಒಳಗೆ ಅರ್ಧ ಉಂಡೆ ತುರುಕಿತ್ತು.

"ಗಾನವೀ!"

"ಒಲೆಗೆ ಹಸಿವಾಗಿತ್ತಮ್ಮ," ಎಂದಳು ಮಗು ಬಾಗಿಲ ಹಿಂದಿನಿಂದ. "ಅಜ್ಜಿ ಚೂರೇ ಕೊಡ್ತಾರೆ. ಅದಕ್ಕೆ ನನ್ನ ರೊಟ್ಟಿ ಹಿಟ್ಟೆಲ್ಲ ಕೊಟ್ಟೆ."

ಅಂದು ಬ್ಯಾಂಕಿಗೆ ಯಾರೋ ದೊಡ್ಡ ಆಫೀಸರು ಬರುವವರಿದ್ದರು. ಬಸ್ಸಿನ ಹೊತ್ತಾಗಿತ್ತು. ಚೈತ್ರ ಬರ್ನರನ್ನು ಸಿಂಕಿಗೆ ಎಸೆದಳು. "ನೋಡಿದ್ರಾ ಅತ್ತೆ? ಮಗು ಹೊಟ್ಟೆಗೆ ಹೋಗ್ಬೇಕಾದ್ದು ಒಲೆ ಹೊಟ್ಟೆಗೆ ಹೋಗ್ತಿದೆ. ಇಂಥಾ ಶಾಸ್ತ್ರ ಎಲ್ಲಿಂದ ತಂದ್ರಿ?"

"ಶಾಸ್ತ್ರಾನ ಅನ್ಬ್ಯಾಡ. ನಮ್ಮವ್ವ ಹೇಳ್ಕೊಟ್ಟಿದ್ದು ಅದು. ನಿಮ್ಮವ್ವ ಏನ್ ಹೇಳ್ಕೊಟ್ರು? ಪ್ಯಾಕೆಟ್ ಹರಿದು ಎಣ್ಣೆಗೆ ಸುರಿಯೋದು!"

"ನಮ್ಮಮ್ಮನ ಸುದ್ದಿಗೆ ಬರ್ಬೇಡಿ. ಅವರ ಮನೇಲಿ ಮಗೂಗೆ ಸುಳ್ಳು ಹೇಳೋದಿಲ್ಲ."

ಮಾತು ಆಡಿದರೆ ಹೋಯಿತು. ಅಂದು ಯಾರೂ ಸರಿಯಾಗಿ ತಿಂಡಿ ತಿನ್ನಲಿಲ್ಲ. ನಂಜೇಶ ಗುಂಡುಪಿನ್ನು ಹಿಡಿದು ಬರ್ನರಿನ ತೂತು ಬಿಡಿಸುತ್ತ ಕೂತ. ಮರುದಿನ ಚೈತ್ರ ಮಗಳ ಬಟ್ಟೆ ತುಂಬಿಕೊಂಡು ನರಸೀಪುರಕ್ಕೆ ಹೊರಟಳು. ರಜೆಗೆ ಹೋಗುತ್ತಿರುವುದಾಗಿ ಹೇಳಿದಳು, ಆದರೆ ಶಾಲೆಯ ಬೂಟುಗಳನ್ನೂ ಬ್ಯಾಗಿಗೆ ಹಾಕಿದ್ದನ್ನು ಪುಟ್ಟಬಸಮ್ಮ ನೋಡಿದರು.

ಮನೆ ಬಿಕೋ ಎಂದಿತು. ಪುಟ್ಟಬಸಮ್ಮ ಸಂಜೆಯಾದರೆ ಜಗಲಿಗೆ ಬಂದು ನಿಲ್ಲುವರು. ವ್ಯಾನು ಬರುವುದಿಲ್ಲ ಎಂದು ನೆನಪಾಗಿ ಒಳಗೆ ಹೋಗುವರು. ಗಂಗಾಧರಸ್ವಾಮಿಯವರಿಗೂ ಗುಲಗಂಜಿ ಮರೆತುಹೋಗಿತ್ತು. ಹಬ್ಬದ ಕಜ್ಜಾಯ ಡಬ್ಬಿಯಲ್ಲೇ ಉಳಿದವು.

ಭಾನುವಾರ ಬೆಳಿಗ್ಗೆ ಚೈತ್ರಳ ತಾಯಿ ಹೇಮಲತಾ ಫೋನು ಮಾಡಿದರು. "ಅಕ್ಕ, ಬೇಜಾರು ಮಾಡ್ಕೋಬೇಡಿ. ಇಲ್ಲೂ ತಿಂತಿಲ್ಲ ಕಣ್ರೀ. ಚಿಪ್ಸು, ನೂಡಲ್ಸು, ಎಲ್ಲ ಮುಗೀತು. ನಿಮ್ಮನ್ನೇ ಕೇಳ್ತಾಳೆ. ಒಂದ್ಸಲ ಬಂದು ಹೋಗಿ."

ಬೀಗಿತ್ತಿಯ ಮನೆಯಲ್ಲೂ ಕೂಸು ತಿನ್ನುತ್ತಿಲ್ಲ ಎಂದಾಗ ಪುಟ್ಟಬಸಮ್ಮನಿಗೆ ಒಂದು ಗಳಿಗೆ ಖುಷಿಯಾದದ್ದು ನಿಜ. ಮರುಗಳಿಗೆ ಕೂಸಿನ ಸಣಕಲು ಕೈ ನೆನಪಾಯಿತು. ಒಂದು ಚಿಪ್ಪು ರಸಬಾಳೆ ಹಿಡಿದು ಬಸ್ಸು ಹತ್ತಿದರು.

ತವರಿನ ಮನೆ ಮಾರಿಹೋದ ಮೇಲೆ ಅವರು ನರಸೀಪುರಕ್ಕೆ ಮದುವೆ ಮುಂಜಿಗೆ ಮಾತ್ರ ಬಂದು ಹೋಗುತ್ತಿದ್ದರು. ಬಸ್ಸಿಳಿದ ಕೂಡಲೇ ಹೊಳೆಯ ಕಡೆಯಿಂದ ಬಂದ ಗಾಳಿ ಮುಖಕ್ಕೆ ಬಡಿಯಿತು. ಅದೇ ಗಾಳಿ. ಮರಳಲ್ಲಿ ಕಾಲು ಹುದುಗಿಸಿ ಕೂರುತ್ತಿದ್ದುದು, ಒದ್ದೆ ಲಂಗ ಹಿಂಡಿಕೊಂಡು ಮನೆಗೆ ಓಡುತ್ತಿದ್ದುದು, ಅಡುಗೆಮನೆಯ ಹೊಗೆಯಲ್ಲಿ ಅವ್ವ ಕಣ್ಣು ಕಿರಿದು ಮಾಡಿಕೊಂಡು "ಬಂದ್ಯಾ?" ಎನ್ನುತ್ತಿದ್ದುದು, ಎಲ್ಲ ಒಟ್ಟಿಗೆ ನುಗ್ಗಿತು. ಬೀಗರ ಮನೆಗೆ ಹೋಗುವ ದಾರಿಯಲ್ಲೇ ಚಿಕ್ಕವ್ವನ ಮನೆ. ಅವ್ವನ ತಂಗಿ ರುದ್ರಮ್ಮ, ಆ ತಲೆಮಾರಿನಲ್ಲಿ ಉಳಿದವರು ಅವರೊಬ್ಬರೇ. ನೋಡದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ರುದ್ರಮ್ಮ ಗೋಡೆಗೆ ಒರಗಿ ಅಲಸಂದೆಕಾಳು ಸುಲಿಯುತ್ತಿದ್ದರು. ಕಣ್ಣು ಮಂಜಾಗಿತ್ತು, ಬಾಯಿ ಚುರುಕಾಗಿತ್ತು.

"ಯಾರು, ಪುಟ್ಟೀನಾ? ಬಾ ಕೂತ್ಕೊ. ಏನ್ ಇಂಗೆ ಬಾಡೋಗಿದ್ದಿ?"

ಪುಟ್ಟಬಸಮ್ಮ ಎಲ್ಲ ಹೇಳಿಕೊಂಡರು. ಕೊನೆಗೆ, "ಈಗಿನ್ ಮಕ್ಕಳೇ ಇಂಗೆ ಚಿಕ್ಕವ್ವ. ನಾವೆಲ್ಲ ಇಟ್ಟಿದ್ದನ್ನ ಉಣ್ತಿರಲಿಲ್ವಾ?" ಎಂದರು.

ರುದ್ರಮ್ಮ ಕಾಳು ಸುಲಿಯುವುದನ್ನು ನಿಲ್ಲಿಸಿದರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು.

"ಯಾರು, ನೀನಾ? ನೀನು ಇಟ್ಟಿದ್ದನ್ನ ಉಣ್ತಿದ್ದಾ? ಲೇ ಪುಟ್ಟಿ, ನಿಮ್ಮವ್ವ ತಟ್ಟೆ ಇಡ್ಕೊಂಡು ಹೊಳೆ ತಂಕ ನಿನ್ನ ಹಿಂದೆ ಓಗ್ತಿದ್ಲು ಕಣೆ! ಸೊಪ್ಪು ಕಂಡ್ರೆ ಉಗಿಯೋದು. ಮುದ್ದೆ ಅಂದ್ರೆ ಗಂಟ್ಲಿಗೆ ಸಿಕ್ಕಾಕತ್ತದೆ ಅನ್ನೋದು. ಬೀದಿಯೋರೆಲ್ಲ ನಿನ್ನ ಉಪವಾಸದ ಪುಟ್ಟಿ ಅಂತಿದ್ರು."

"ಇಲ್ಲ ಬುಡು ಚಿಕ್ಕವ್ವ."

"ಏನ್ ಇಲ್ಲ? ನಿನಗೋಸ್ಕರ ಅಕ್ಕ ಗುಬ್ಬಿ ರೊಟ್ಟಿ ಮಾಡ್ತಿದ್ಲು, ಮರ್ತೋಯ್ತಾ? ಮಿಕ್ಕಿದ ಅನ್ನ ನುರಿದು, ಅಕ್ಕಿಹಿಟ್ಟು, ಕಾಯಿತುರಿ ಆಕಿ, ಬೆರಳುದ್ದ ಗುಬ್ಬಿ ತಿದ್ದಿ ಸುಡೋಳು. ಒಂದ್ನ ನಿನ್ ಕೈಲೇ ಒಲೆಗೆ ಆಕ್ಸೋಳು. 'ನೋಡು, ಒಲೆ ತಿಂತು. ಈಗ ನಿನ್ ಸರದಿ' ಅನ್ನೋಳು. ಒಲೆಗೊಂದು, ಪುಟ್ಟಿಗೊಂದು. ಒಲೆ ಮುಂದೆ ಸೋಲ್ಬಾರ್ದು ಅಂತ ನೀನು ಗಬಗಬ ನುಂಗ್ತಿದ್ದೆ."

ಪುಟ್ಟಬಸಮ್ಮ ಮೊರದಿಂದ ಒಂದು ಕಾಯಿ ಎತ್ತಿಕೊಂಡು ಸುಲಿದರು. ಆಮೇಲೆ ಮೆಲ್ಲಗೆ ಕೇಳಿದರು. "ಹಂಗಾದ್ರೆ ಒಲೆಗೆ ಕೊಡೋದು ನಮ್ಮನೆ ಪದ್ಧತಿ ಅಲ್ವಾ?"

"ಯಾವ ಪದ್ಧತಿ? ನಮ್ಮವ್ವ ಯಾವತ್ತಾದ್ರೂ ಕೊಟ್ಟಿದ್ಲಾ? ನಾನು ಕೊಡ್ತೀನಾ? ನಿನಗೆ ಉಣ್ಸೋಕೆ ಅಕ್ಕ ಕಟ್ಟಿದ ಕತೆ ಅದು."

ಒಂದು ಇಡೀ ಬಾಳು ನಡೆಸಿಕೊಂಡು ಬಂದ ಶಾಸ್ತ್ರ! ಅತ್ತೆಯ ಎದುರು ವಾದಿಸಿ ಉಳಿಸಿಕೊಂಡದ್ದು, ಸೊಸೆಯ ಎದುರು ಜಗಳವಾಡಿ ಕಾಪಾಡಿಕೊಂಡದ್ದು. ಅದು ದೇವರದಲ್ಲ, ವಂಶದ್ದಲ್ಲ. ಹಟಮಾರಿ ಮಗಳೊಬ್ಬಳ ಹೊಟ್ಟೆ ತುಂಬಿಸಲು ಅವ್ವ ಹೊಗೆಯಲ್ಲಿ ಕೂತು ಹೇಳಿದ ಸುಳ್ಳು. ಪುಟ್ಟಬಸಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವ್ವ ಹೋಗಿ ಎಷ್ಟೋ ಕಾಲವಾಗಿತ್ತು. ಇಷ್ಟು ಹತ್ತಿರ ಬಂದು ನಿಂತದ್ದು ಇವತ್ತೇ.

ಬೀಗರ ಮನೆಯಲ್ಲಿ ಗಾನವಿ ಓಡಿಬಂದು ಸೊಂಟ ತಬ್ಬಿದಳು. ಚೈತ್ರ "ಬನ್ನಿ ಅತ್ತೆ" ಎಂದು ನೀರು ಕೊಟ್ಟಳು. ಬಿಗುಮಾನ ಇನ್ನೂ ಇತ್ತು. ಮೇಜಿನ ಮೇಲೆ ಕರಿದ ಆಲೂಗೆಡ್ಡೆಯ ಕಡ್ಡಿಗಳು ತಣ್ಣಗಾಗಿದ್ದವು.

ಹಿತ್ತಲಿನ ಬಚ್ಚಲಲ್ಲಿ ಹೇಮಲತಾ ಈಗಲೂ ನೀರೊಲೆ ಇಟ್ಟುಕೊಂಡಿದ್ದರು. ಬೆಳಗಿನ ಸ್ನಾನದ ಕೆಂಡ ಇನ್ನೂ ಉಸಿರಾಡುತ್ತಿತ್ತು. ಪುಟ್ಟಬಸಮ್ಮ ಅದನ್ನು ನೋಡಿ ನಿಂತರು. ಈ ಉರಿಯ ಮುಂದೆ ಕೂಸನ್ನು ಕೂರಿಸಿದರೆ ತಿನ್ನುತ್ತದೆ ಎಂದು ಅವರ ಮನಸ್ಸು ಹೇಳಿತು. ಇಲ್ಲಿ ತಿಂದರೆ ಇಲ್ಲೇ ಉಳಿಯುತ್ತದೆ ಎಂದೂ ಅದೇ ಮನಸ್ಸು ಹೇಳಿತು. ನಂಜನಗೂಡಿಗೆ ಕರೆದುಕೊಂಡು ಹೋದ ಮೇಲೆ ಮಾಡಿದರಾಗದೇ? ಕೈ ಹಿಂದಕ್ಕೆ ಬಂತು. ಅಷ್ಟರಲ್ಲಿ ಗಾನವಿ ಬಂದು ಪಕ್ಕ ನಿಂತಳು. ಫ್ರಾಕಿನ ತೋಳು ಹೆಗಲಿನಿಂದ ಜಾರುತ್ತಿತ್ತು. ಮುಖ ಬತ್ತಿ ಇಷ್ಟೇ ಇಷ್ಟಾಗಿತ್ತು.

"ಹೇಮಲತಮ್ಮಾರೇ, ರಾತ್ರಿ ಅನ್ನ ಮಿಕ್ಕಿದ್ಯಾ?" ಎಂದು ಕೂಗಿದರು ಪುಟ್ಟಬಸಮ್ಮ. "ಒಂದಿಷ್ಟು ಅಕ್ಕಿಹಿಟ್ಟು, ಕಾಯಿತುರಿ ಕೊಡಿ. ಹುರಿಗಡಲೆನೂ ಕೊಡಿ."

ಅನ್ನ ನುರಿದು, ಹಿಟ್ಟು ಹಾಕಿ, ಉಪ್ಪು, ಚೂರು ಬೆಲ್ಲ ಸೇರಿಸಿ ಕಲಸಿದರು. ಬೆರಳುದ್ದ ತಟ್ಟಿ ಒಂದು ಕಡೆ ಚಿವುಟಿ ಕೊಕ್ಕು ಮಾಡಿದರು, ಇನ್ನೊಂದು ಕಡೆ ಒತ್ತಿ ಬಾಲ. ಹುರಿಗಡಲೆಯ ಕಣ್ಣು. ಕೈಗೆ ಮರೆತಿರಲಿಲ್ಲ. ಗಾನವಿಯೂ ಒಂದು ಮಾಡಿದಳು. ಅದು ಗುಬ್ಬಿಗಿಂತ ಹೆಚ್ಚಾಗಿ ಕಪ್ಪೆಯಂತಿತ್ತು. ಕೆಂಡದ ಮೇಲೆ ಹಳೆಯ ಕಾವಲಿ ಇಟ್ಟು, ತುಪ್ಪ ಸವರಿ, ಎರಡೂ ಕಡೆ ಕೆಂಪಗೆ ಸುಟ್ಟರು.

"ಮೊದಲನೇದು ಒಲೆಗೆ. ನೀನೇ ಆಕು."

ಗಾನವಿ ಅಮ್ಮನ ಮುಖ ನೋಡಿದಳು. ಚೈತ್ರ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು. ಗುಬ್ಬಿ ಕೆಂಡಕ್ಕೆ ಬಿತ್ತು, ಜೊಯ್ ಎಂದು ಹತ್ತಿಕೊಂಡಿತು.

"ತಿಂತು! ಅಜ್ಜಿ, ಒಲೆ ತಿಂತು!"

"ತಿಂತಲ್ಲ. ಈಗ ನಿನ್ ಸರದಿ. ಒಲೆ ಗೆದ್ಬುಡ್ತದೆ ನೋಡು."

ಗಾನವಿ ಬಿಸಿ ಗುಬ್ಬಿಯನ್ನು ಊದಿ ಊದಿ ಕೊಕ್ಕು ಕಚ್ಚಿದಳು. ಆಮೇಲೆ ತಲೆ. ಆಮೇಲೆ ಬಾಲವೂ ಹೋಯಿತು. ಒಲೆಗೊಂದು, ನನಗೊಂದು ಎಂದು ಹಾಡಿಕೊಂಡು ಇನ್ನೊಂದಕ್ಕೆ ಕೈ ಚಾಚಿದಳು. ಹೇಮಲತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚೈತ್ರ ಬಚ್ಚಲ ಹೊಸಿಲ ಮೇಲೆ ಕೂತುಬಿಟ್ಟಳು.

ಪುಟ್ಟಬಸಮ್ಮ ಹಿಟ್ಟು ತಟ್ಟುತ್ತಲೇ ಚಿಕ್ಕವ್ವ ಹೇಳಿದ್ದನ್ನೆಲ್ಲ ಸಣ್ಣ ದನಿಯಲ್ಲಿ ಸೊಸೆಗೆ ಹೇಳಿದರು. ಉಪವಾಸದ ಪುಟ್ಟಿ ಎಂಬುದನ್ನೂ ಬಿಡಲಿಲ್ಲ.

ಚೈತ್ರಳ ಬಿಗುಮಾನ ಒಡೆಯಿತು. "ಇಷ್ಟು ವರ್ಷ ನಿಮ್ಮ ಕಾಲ, ನಿಮ್ಮ ಕಾಲ ಅಂತ ನನ್ನ ತಲೆ ತಿಂದ್ರಲ್ಲ ಅತ್ತೆ! ಇವಳು ನಿಮ್ದೇ ಅಚ್ಚು."

"ಹೂಂ ಕಣವ್ವ. ಗೊತ್ತಿರಲಿಲ್ಲ." ಪುಟ್ಟಬಸಮ್ಮ ಕೈ ತೊಳೆದುಕೊಂಡರು. ಸೆರಗಿಗೆ ಒರೆಸಿಕೊಳ್ಳುತ್ತ ಹೇಳಬೇಕಾದ ಮಾತನ್ನು ಹೇಳಿದರು. "ತಿಂದ್ಲಲ್ಲ, ಇಲ್ಲೇ ಇರ್ಲಿ. ಉರಿ ಐತೆ, ನಿಮ್ಮವ್ವ ಅವ್ರೆ, ಮಧ್ಯಾಹ್ನಕ್ಕೆ ನೀನು ಬತ್ತೀಯ. ನಾನೇನೂ ಅನ್ನಕಿಲ್ಲ."

ಚೈತ್ರ ಎದ್ದು ಮಗಳ ತುಪ್ಪದ ಕೈ ಒರೆಸಿದಳು. ಪುಟ್ಟಬಸಮ್ಮ ಊಟ ಮುಗಿಸಿ, ಬಿಸಿಲು ಇಳಿದ ಮೇಲೆ ಚೀಲ ಹಿಡಿದು ಹೊರಟರು. ಬಾಗಿಲಲ್ಲಿ ಗಾನವಿ ಅಡ್ಡ ನಿಂತಿದ್ದಳು. ಕಾಲಿಗೆ ಚಪ್ಪಲಿ ಹಾಕಿದ್ದಳು. ಕೈಯಲ್ಲಿ ಪೇಪರಿನ ಪೊಟ್ಟಣ.

"ಏನೇ ಅದು?"

"ಗುಬ್ಬಿ. ನಮ್ಮನೆ ಒಲೆಗೆ."

"ಕೊಡು, ನಾನೇ ಕೊಡ್ತೀನಿ."

"ನೀನು ಚೂರೇ ಕೊಡ್ತೀಯ. ಪಾಪ, ನಾನು ಬಂದಾಗಿಂದ ಅದು ಹಸ್ಕೊಂಡಿರತ್ತೆ. ನಾನೇ ಬರ್ತೀನಿ."

ಎಲ್ಲರೂ ಚೈತ್ರಳ ಕಡೆ ನೋಡಿದರು. ಅದು ಸುಳ್ಳು ಕಣೇ ಎಂದು ಅವಳು ಹೇಳಬಹುದಿತ್ತು. ಅವಳ ತಾಯಿಯ ಮನೆಯಲ್ಲಿ ಮಗುವಿಗೆ ಸುಳ್ಳು ಹೇಳುವುದಿಲ್ಲ ಎಂದು ಹಿಂದೆ ಅಂದದ್ದೂ ಅವಳೇ. ಅವಳು ಮಗಳನ್ನು ನೋಡಿದಳು, ಅತ್ತೆಯ ತಗ್ಗಿದ ತಲೆಯನ್ನು ನೋಡಿದಳು.

"ಬರ್ನರ್ ಒಳಗೆ ತುರುಕಿದ್ರೆ ಮಾತ್ರ ಬಿಡೋದಿಲ್ಲ" ಎಂದಳು.

"ಪಕ್ಕದಲ್ಲಿ ಇಡ್ತೀನಮ್ಮ."

"ಬಸ್ಸು ಎಷ್ಟೊತ್ತಿಗೆ ಅತ್ತೆ? ಇರಿ, ಇವಳ ಬಟ್ಟೆ ತುಂಬ್ಕೊತೀನಿ. ನಾಳೆ ಅಲ್ಲಿಂದಾನೇ ಬ್ಯಾಂಕಿಗೆ ಬಂದ್ರಾಯ್ತು." ಒಳಗೆ ಹೋದವಳು ಬ್ಯಾಗಿನೊಂದಿಗೆ ಶಾಲೆಯ ಬೂಟುಗಳನ್ನೂ ಹಿಡಿದು ಬಂದಳು. ಹೇಮಲತಾ ಉಳಿದ ಅಕ್ಕಿಹಿಟ್ಟನ್ನು ಚೀಲಕ್ಕೆ ಹಾಕಿದರು.

ಬಸ್ಸಿನಲ್ಲಿ ಗಾನವಿ ಕಿಟಕಿಯ ಪಕ್ಕ, ಪಕ್ಕದಲ್ಲಿ ಅಜ್ಜಿ, ಆಚೆ ಚೈತ್ರ ಕೂತು ತೂಕಡಿಸುತ್ತಿದ್ದಳು. ಪೊಟ್ಟಣ ಮಗುವಿನ ಮಡಿಲಲ್ಲಿತ್ತು. ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಸ್ವಲ್ಪ ದೂರ ಹೋದ ಮೇಲೆ ಪೇಪರಿನ ಸಪ್ಪಳವಾಯಿತು. ಪುಟ್ಟಬಸಮ್ಮ ತಿರುಗಿ ನೋಡಲಿಲ್ಲ. ಇನ್ನಷ್ಟು ದೂರ ಹೋದ ಮೇಲೆ ಮತ್ತೆ ಸಪ್ಪಳವಾಯಿತು. ನಂಜನಗೂಡಿನ ಹೊಳೆ ಕಾಣುವ ಹೊತ್ತಿಗೆ ಗಾನವಿ ಅಜ್ಜಿಯ ತೋಳು ಜಗ್ಗಿದಳು. ಅವಳ ಅಂಗೈಯಲ್ಲಿ ಗುಬ್ಬಿಯ ಬಾಲವೊಂದು ಉಳಿದಿತ್ತು.

"ಅಜ್ಜಿ, ಒಲೆಗೆ ಇಷ್ಟೇ ಸಾಕಾ?"

ಪುಟ್ಟಬಸಮ್ಮನಿಗೆ ಕಣ್ಣು ತುಂಬಿ ಹೊಳೆ ಮಸುಕಾಯಿತು.

"ಸಾಕು ಕಣವ್ವ," ಎಂದರು. "ಒಲೆಗೆ ವಯಸ್ಸಾಗೈತೆ. ಅದಕ್ಕೆ ಜಾಸ್ತಿ ಸೇರಕಿಲ್ಲ. ಅದನ್ನೂ ನೀನೇ ತಿನ್ನು."